ಐದನೆಯ ಬೇರು

ಕಿಟಕಿಯ ಗಾಜಿಗೆ ಅಂಟಿದ ಕೆಂಪು ಧೂಳಿನಲ್ಲಿ ಯಾರೋ ಬೆರಳಿನಿಂದ ಮಂಜು ಎಂದು ಬರೆದಿದ್ದಾರೆ, ಜು ಅಕ್ಷರದ ಕೊಂಬು ಅರ್ಧಕ್ಕೇ ನಿಂತಿದೆ, ಬರೆಯುವಷ್ಟರಲ್ಲಿ ಅವನ ಊರು ಬಂದಿರಬೇಕು, ಅಕ್ಷರಗಳ ಸಂದಿನಿಂದ ಮುಂದಿನ ಲಾರಿಯ ಹಿಂಬದಿ ಕಾಣುತ್ತದೆ, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು, ಅದಿರು ಮುಚ್ಚಿದ ತಾಡಪಾಲಿನ ತುದಿಗಳು ಪಟಪಟ ಬಡಿದುಕೊಳ್ಳುತ್ತಿವೆ, ಸಂಡೂರು ಬಿಟ್ಟು ಮುಕ್ಕಾಲು ಗಂಟೆಯಾಯಿತು, ಮೂರು ಕಿಲೋಮೀಟರೂ ಬಂದಿಲ್ಲ, ಹೊಸಪೇಟೆ ಮುಟ್ಟುವಷ್ಟರಲ್ಲಿ ಏನಾಗುತ್ತದೋ, ಕಂಡಕ್ಟರ್ ಕೆಳಗಿಳಿದು ಬೀಡಿ ಹಚ್ಚಿಕೊಂಡಿದ್ದಾನೆ. ಗಂಗಾಂಬಿಕಾ ತೊಡೆಯ ಮೇಲಿನ ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಾಳೆ, ಪಕ್ಕದ ಮುದುಕಿ ಆಗಿನಿಂದ ಅದನ್ನೇ ನೋಡುತ್ತಿದ್ದವಳು ಈಗ ಕೇಳಿಯೇಬಿಟ್ಟಳು, ಏನ್ರಿ ಅದು, ಉಳ್ಳಾಗಡ್ಡಿ ಸಸಿ ಏನ್ರಿ? ಅಲ್ಲವ್ವಾ, ಹೂವಿನ ಗಿಡ, ಆರ್ಕಿಡ್ ಅಂತಾರ. ಮಣ್ಣs ಇಲ್ಲಲ್ರಿ ಇದಕ್ಕ? ಮಣ್ಣು ಬ್ಯಾಡವ್ವಾ ಇದಕ್ಕ. ಮತ್ತ ಯಾತರ ಮ್ಯಾಲೆ ಬದುಕತೈತಿ? — ಹದಿನೈದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು ಡಬ್ಬಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ನೀರಿನ ಮೇಲೆ ಎನ್ನಬಹುದಿತ್ತು, ಅದೂ ಪೂರ್ತಿ ನಿಜವಲ್ಲ, ಬೇರಿಲ್ಲದ ಗಿಡವನ್ನು ನೀರಿನಲ್ಲಿ ಮುಳುಗಿಸಿದರೆ ಕೊಳೆತು ಸಾಯುತ್ತದೆ, ಬಾಟಲಿಯ ಬಾಯಿಗೆ ಗಿಡವನ್ನು ಕೂರಿಸಿ ನೀರು ಬುಡದಿಂದ ಒಂದು ಬೆರಳು ಕೆಳಗೇ ಇರಬೇಕು, ತಾಕಬಾರದು, ತೇವ ಮಾತ್ರ ಮೇಲೇರಬೇಕು, ಮೂರು ದಿನಕ್ಕೊಮ್ಮೆ ನೀರು ಬದಲಿಸಬೇಕು, ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಬೇಕು, ಎರಡು ತಿಂಗಳೋ ಮೂರೋ ಕಾದರೆ ಸೋತ ಎಲೆಗಳ ನಡುವಿನಿಂದ ಹಸಿರು ಮೊನೆಯೊಂದು ಇಣುಕುತ್ತದೆ, ಅದು ಎರಡು ಬೆರಳುದ್ದ ಆದ ಮೇಲೆ ಇಟ್ಟಿಗೆ ಚೂರು ತುಂಬಿದ ಡಬ್ಬಿಗೆ ದಾಟಿಸಬೇಕು, ಡಬ್ಬಿಯ ಪಕ್ಕೆಯಲ್ಲಿ ಒಂದು ತೂತು, ತೂತಿನ ಕೆಳಗೆ ನಿಂತಷ್ಟೇ ನೀರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನೆಲ್ಲ ಗಂಗಾಂಬಿಕಾಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಸ್ಫೂರ್ತಿ ಕಲಿಸಿದಳು.

ಎರಡನೇ ಬಿಎಸ್ಸಿಯ ಹುಡುಗಿ, ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು, ಅಪ್ಪ ವಿರುಪಾಕ್ಷಪ್ಪ ರೈಸ್ ಮಿಲ್ಲಿನಲ್ಲಿ ಗುಮಾಸ್ತ, ಸಂಡೂರಿನ ಗುಡ್ಡಕ್ಕೆ ಕಾಲೇಜಿನವರೆಲ್ಲ ಗಿಡ ನೋಡಲು ಹೋದ ದಿನ ಅದಿರಿನ ರಸ್ತೆಗೆಂದು ಉರುಳಿಸಿದ್ದ ಮರವೊಂದರ ಕೊಂಬೆಯಿಂದ ಒಂದು ಕಾಡು ಆರ್ಕಿಡ್ ಕಿತ್ತು ಬಿದ್ದಿತ್ತು, ಬೇರೆಲ್ಲ ಜೆಸಿಬಿಯ ಚಕ್ರಕ್ಕೆ ಅರೆದುಹೋಗಿ ಬರೀ ಎಲೆ, ಬಿಡವ್ವಾ ಅದು ಬದುಕಂಗಿಲ್ಲ ಎಂದವಳು ಗಂಗಾಂಬಿಕಾ, ಹುಡುಗಿ ಬಿಡಲಿಲ್ಲ, ಟಿಫಿನ್ ಡಬ್ಬಿ ತೊಳೆದು ಅದರಲ್ಲೇ ಒಯ್ದಳು, ನಲವತ್ತೇಳನೇ ದಿನ ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಲ್ಯಾಬಿಗೆ ಓಡಿ ಬಂದಳು, ಮೇಡಂ ನೋಡ್ರಿ ಬ್ಯಾರು, ಬ್ಯಾರು ಬಂತ್ರಿ! ಎಷ್ಟು ಕುಣಿದಿದ್ದಳು, ಸ್ಟೂಲು ಬಿದ್ದು ಅಟೆಂಡರ್ ಜಂಬಯ್ಯ ಬೈದಿದ್ದ. ಡಿಗ್ರಿ ಮುಗಿದ ವರ್ಷ ಧಾರವಾಡದಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತ್ತು ಅವಳಿಗೆ. ಅದೇ ಬೇಸಿಗೆಯಲ್ಲಿ ಕಾಲೇಜು ಕಮಿಟಿಯ ಮೆಂಬರು, ಗಣಿ ಧಣಿ, ವರಾಂಡದಲ್ಲಿ ನಿಂತು ನಗುತ್ತಾ ಕೇಳಿದ್ದರು, ಮೇಡಂ, ನಮ್ಮ ಮಗ ಈಶ್ವರ್‌ಗ ನಮ್ಮ ಪೈಕಿ ಒಂದು ಓದಿದ ಹುಡುಗಿ ನೋಡ್ರಿ, ಚಲೋ ಮನಸ್ಸಿನಾಕಿ ಇರಬೇಕು, ಬ್ಯಾರೆ ಏನೂ ಬ್ಯಾಡ ನಮಗ — ಹನ್ನೊಂದು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿ ಎಂಬ ಹಣೆಪಟ್ಟಿ ಹೊತ್ತವಳ ಬಾಯಿಗೆ ಮೊದಲು ಬಂದ ಹೆಸರೇ ಸ್ಫೂರ್ತಿಯದು, ಆ ಹೆಸರು ನಾಲಗೆಯ ಮೇಲೆಯೇ ಕೂತಿತ್ತೋ ಏನೋ. ಕಂಪ್ಲಿಗೆ ಹೋಗಿ ಅಪ್ಪನನ್ನು ಒಪ್ಪಿಸಿದ್ದೂ ಅವಳೇ, ಮದುವಿ ಆದ ಮ್ಯಾಲೆ ಓದಸ್ತೀವಿ ಅಂದಾರ್ರಿ, ಅಂಥಾ ಮನಿ ಮತ್ತ ಸಿಗಂಗಿಲ್ಲ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು, ನೀವು ಹೇಳ್ತೀರೇನ್ರಿ ಮೇಡಂ, ಮಾಡ್ಕೊ ಅಂತ? ಹೌದವ್ವಾ, ನಾ ಹೇಳ್ತೀನಿ. ಮುಂದಿನ ಜೂನಿನಲ್ಲಿ ಪರ್ಮನೆಂಟ್ ಆರ್ಡರು ಬಂತು. ಇದಕ್ಕೂ ಅದಕ್ಕೂ ಸಂಬಂಧ ಉಂಟೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ತಾನೇ ತನ್ನನ್ನು ಕೇಳಿಕೊಳ್ಳದಂತೆ ಮೂರು ವರ್ಷ ಜಾಣತನದಿಂದ ಕಳೆದಳು, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ತನ್ನ ಮನೆಗೆ ಹೊಸ ಬಣ್ಣ ಹೊಡೆಸಿದಳು, ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಅವಳದಾಯಿತು.

ಧಾರವಾಡದ ಮಾತು ಮದುವೆಯ ಚಪ್ಪರ ಬಿಚ್ಚುವ ಮೊದಲೇ ಮುಗಿದಿತ್ತು. ಸಂಡೂರಿನ ಆ ಧಣಿಯ ಮನೆಗೆ ಬೆಂಗಳೂರಿನಿಂದ ಆರ್ಕಿಡ್‌ಗಳು ಬರುತ್ತಿದ್ದವು, ಥಾಯ್ಲೆಂಡಿನವು, ಬಿಳಿ ಚಿಟ್ಟೆಯಂಥ ಹೂವಿನವು, ಅದರಲ್ಲೊಂದನ್ನು ಡ್ರೈವರ್ ರಾಯಣ್ಣ ದೊಡ್ಡ ಕಾರಿನಲ್ಲಿ ತಂದು ಚಿತ್ತವಾಡ್ಗಿಯ ಬಾಗಿಲಿಗೆ ಇಟ್ಟ, ಬ್ಯಾರೆಲ್ಲ ಹೋಗ್ಯಾವಂತ್ರಿ ಮೇಡಂ, ಬದುಕಿಸಿ ಕೊಡಬೇಕಂತ, ಸ್ಫೂರ್ತಿ ಅಕ್ಕಾರು ಹೇಳ್ಯಾರ. ಬದುಕಿಸಿದಳು, ಕಾರು ಬಂದು ಒಯ್ದಿತು. ಏಳು ತಿಂಗಳಿಗೆ ಅದೇ ಗಿಡ ಮತ್ತೆ ಬಂತು, ಅದೇ ಎಂದು ಎಲೆಯ ಮೇಲಿನ ಸೀಳಿನಿಂದ ಗುರುತು ಸಿಕ್ಕಿತು, ಮತ್ತೆ ಬೇರಿಲ್ಲ, ಈ ಸಲ ನೀವs ಬಂದು ಕೊಡಬೇಕಂತ್ರಿ ಎಂದ ರಾಯಣ್ಣ, ಬೇರು ಬಂದ ಮೇಲೆ, ಪರೀಕ್ಷೆ ಪೇಪರ್ ತಿದ್ದೋದೈತಿ ರಾಯಣ್ಣ ಎಂದು ಅವನ ಕೈಯಲ್ಲೇ ಕಳಿಸಿದಳು. ಕೊಳೆತ ಬೇರು ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲವೇ, ಕಂದಾಗಿ ಮೆತ್ತಗಾಗಿ, ಸಿಪ್ಪೆ ಜಾರಿ ಒಳಗಿನ ನಾರೊಂದೇ ಜೋತಾಡುತ್ತದೆ. ಇವು ಹಾಗಿರಲಿಲ್ಲ. ಒಂದೇ ಏಟಿಗೆ ನೇರವಾಗಿ ತುಂಡಾಗಿದ್ದವು, ಗಾಯ ಬೆಳ್ಳಗೆ ಒಣಗಿತ್ತು. ಮೊದಲ ಸಲವೇ ಕಂಡಿತ್ತು ಅವಳಿಗೆ, ಯಾರೋ ಮಾಲಿ ತಿಳಿಯದೆ ಮಾಡಿರಬೇಕು ಎಂದುಕೊಂಡಳು, ಎರಡನೇ ಸಲವೂ ಮಾಲಿಯ ತಲೆಗೇ ಕಟ್ಟಿದಳು, ಮೂರನೇ ಸಲ ಗಿಡ ಬಂದಾಗ ಮಾಲಿಯ ನೆಪ ಉಳಿದಿರಲಿಲ್ಲ, ಹಾರ್ಲಿಕ್ಸ್ ಬಾಟಲಿ ಹಿಡಿದು ಕುಣಿದ ಹುಡುಗಿಯೊಬ್ಬಳೇ ಕಣ್ಣ ಮುಂದಿದ್ದಳು, ಬೇರು ಬರಿಸುವುದು ತನಗಿಂತ ಚೆನ್ನಾಗಿ ಬಲ್ಲವಳು, ಮನೆಯ ಹೊರಗೆ ಕಾಲಿಡಲು ಬಿಡದವರ ನಡುವೆ, ಫೋನು ಕೂಡ ಅತ್ತೆಯ ಕೋಣೆಯಲ್ಲಿರುವ ಮನೆಯಲ್ಲಿ, ಮೇಡಂ ಬರಬೇಕಾದರೆ ಗಿಡ ಸಾಯಲು ಬಿದ್ದಿರಬೇಕು ಎಂದು ಲೆಕ್ಕ ಹಾಕಿದವಳು. ಮೇಡಂ ಎರಡು ಸಲ ಬರಲಿಲ್ಲ.

ಇವತ್ತು ಬಂದಳು. ನೂರಾ ಇಪ್ಪತ್ತು ದಿನ ಕಾದು, ಐದು ಬೇರು ಬರಿಸಿಕೊಂಡು, ಅದಕ್ಕೊಂದು ಜರಿ ರಿಬ್ಬನ್ ಬೇರೆ ಕಟ್ಟಿಕೊಂಡು. ಬರ್ರಿ ಮೇಡಂ, ಕುಂದ್ರಿ ಎಂದು ಕರೆದ ಅತ್ತೆ ಸಂಗಮ್ಮ ತಾನೂ ಎದುರಿಗೆ ಕೂತವಳು ಎದ್ದೇ ಹೋಗಲಿಲ್ಲ, ಚಹಾ ಬಂತು, ಗೋಡಂಬಿ ಬಂತು, ಆಮೇಲೆ ಸ್ಫೂರ್ತಿ ಬಂದಳು, ಕೈತುಂಬ ಬಂಗಾರ, ಬಳೆಗಳು ಮೊಣಕೈವರೆಗೆ ಜಾರುತ್ತಿವೆ, ಅಷ್ಟು ಸಣಕಲಾಗಿದ್ದಾಳೆ. ಎಷ್ಟು ಬ್ಯಾರು ಬಂದಾವ್ರಿ ಮೇಡಂ? ಐದವ್ವಾ. ನೀರಿನ್ಯಾಗೋ, ಇಟ್ಟಿಗಿ ಚೂರಿನ್ಯಾಗೋ? ಮೊದಲು ನೀರಿನ್ಯಾಗ, ನೀ ತೋರಿಸಿದಂಗs. ನಿಮ್ಮ ನೌಕರಿ ಪರ್ಮನೆಂಟ್ ಆತಂತಲ್ರಿ, ಭಾಳ ಚಲೋ ಆತು ಬಿಡ್ರಿ. ಆ ಮಾತಿನಲ್ಲಿ ಕೊಂಕೇ ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟ್ಯಾಕ ತ್ರಾಸ್ರಿ, ಹೊಸಾದು ತರಿಸಿದ್ರ ಆಗ್ತಿತ್ತು, ಹೇಳಿದ್ರ ಕೇಳಂಗಿಲ್ಲ ಈಕಿ ಎಂದು ಸಂಗಮ್ಮ ನಗುತ್ತಿರುವಾಗಲೇ ಹುಡುಗಿ ಹೂಬುಟ್ಟಿಯಿಂದ ಕತ್ತರಿ ತೆಗೆದುಕೊಂಡಳು, ಗಿಡವನ್ನು ಎತ್ತಿ ಹಿಡಿದಳು, ಮೇಡಂನ ಮುಖವನ್ನೇ ನೋಡುತ್ತಾ ಒಂದು ಬೇರು ಕತ್ತರಿಸಿದಳು, ಎರಡು, ಮೂರು, ಬಿಳಿ ಗ್ರಾನೈಟಿನ ಮೇಲೆ ಹಸಿರು ತುದಿಗಳು ಬಿದ್ದವು, ನಾಲ್ಕು — ಅಯ್ಯ, ಏನು ಮಾಡಾಕತ್ತೀಯವ್ವಾ? ಕೊಳತಿದ್ವು ಅತ್ತಿ, ಮತ್ತ ಮೇಡಂ ಕಡೀಗೆ ಕಳಸಬೇಕು, ಮೇಡಂ ಮತ್ತ ತಂದು ಕೊಡ್ತಾರ. ಸಂಗಮ್ಮ ನಗು ನಿಲ್ಲಿಸಿ ಈ ಕಡೆ ತಿರುಗಿದಳು. ಕೊಳತಿದ್ವೇನ್ರಿ ಮೇಡಂ? ಹೌದು ಎಂಬ ಎರಡಕ್ಷರ ಸಾಕಿತ್ತು. ಇಲ್ರಿ, ಒಂದೂ ಕೊಳತಿದ್ದಿಲ್ಲ, ಭಾಳ ಚಲೋ ಇದ್ವು — ತನ್ನ ಬಾಯಿಯೇ ಹೇಳಿತೇ ಅದನ್ನು, ಯಾಕೆ ಹೇಳಿತು, ನೂರಾ ಇಪ್ಪತ್ತು ದಿನದ ಕೆಲಸ ಕೆಟ್ಟಿತೆಂದು ಆ ಮನೆಯವರು ತಿಳಿಯಬಾರದೆಂದೇ? ಕಮಿಟಿಯ ಮೆಂಬರಿನ ಹೆಂಡತಿಯ ಮುಂದೆ ಹೆಸರು ಉಳಿಸಿಕೊಳ್ಳಲೆಂದೇ? ಹುಡುಗಿ ಐದನೆಯ ಬೇರಿನ ಎರಡೂ ಮಗ್ಗುಲಿಗೆ ಕತ್ತರಿ ತಂದವಳು ಹಾಗೇ ನಿಂತುಬಿಟ್ಟಳು. ಹಂಗೇನು ಎಂದಳು ಸಂಗಮ್ಮ, ದನಿ ಏರಿಸಲಿಲ್ಲ, ರಾಯಣ್ಣ, ಈ ಗಿಡ ಮೇಡಂಗs ಕೊಟ್ಟು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ, ಇನ್ಮ್ಯಾಲೆ ಮೇಡಂಗ ತ್ರಾಸು ಕೊಡೋದು ಬ್ಯಾಡ.

ಪರ್ಸಿನೊಳಗೆ ಮೊಬೈಲು ಗುನುಗುತ್ತಿದೆ, ಹುಡುಗಿಯ ಅಪ್ಪ ವಿರುಪಾಕ್ಷಪ್ಪ, ಬೆಳಿಗ್ಗೆಯಿಂದ ಇದು ಮೂರನೇ ಸಲ, ಎತ್ತದಿದ್ದರೆ ನಾಲ್ಕನೇ ಸಲವೂ ಮಾಡುತ್ತಾರೆ. ಹೋಗಿ ಬಂದ್ರೇನ್ರಿ ಮೇಡಂ? ಹೆಂಗದಾಳ್ರಿ ನಮ್ಮ ಹುಡುಗಿ? ನಾ ಹೋದ್ರ ವರಾಂಡದಾಗs ಚಾ ಕುಡಿಸಿ ಕಳಸ್ತಾರ್ರಿ, ಹೋದ ಸಲ ಮುಖಾನೂ ನೋಡಲಿಲ್ಲ ನಾನು. ಈಗ ಹೇಳಬೇಕು, ಈಗಲೇ, ಕರ್ಕೊಂಡು ಬರ್ರಿ ಆಕಿನ್ನ ಅನ್ನಬೇಕು, ನಾನೂ ಬರ್ತೀನಿ ನಿಮ್ಮ ಜೋಡಿ ಅನ್ನಬೇಕು, ಮುಂದಿನ ಲಾರಿ ಹೊಗೆ ಬಿಟ್ಟು ಒಂದು ಮಾರು ಸರಿಯಿತು, ಕಂಡಕ್ಟರ್ ಬೀಡಿ ಎಸೆದು ಹತ್ತಿದ. ಆರಾಮ ಅದಾಳ್ರಿ. ಸೊರಗ್ಯಾಳೇನ್ರಿ? ಇಲ್ಲ ಬಿಡ್ರಿ, ಮೈಕೈ ತುಂಬಿಕೊಂಡಾಳ. ಅಪ್ಪನ ಉಸಿರು ಸಡಿಲವಾದದ್ದು ಕಂಪ್ಲಿಯಿಂದ ಇಲ್ಲಿಯವರೆಗೆ ಕೇಳಿಸಿತು, ನಿಮ್ಮ ಉಪಕಾರ ಮರಿಯಂಗಿಲ್ರಿ ಮೇಡಂ, ನೀವು ಇಲ್ಲದಿದ್ರ ಅಂಥಾ ಮನಿ — ಸಿಗ್ನಲ್ ಹೋಯಿತೋ, ತಾನೇ ಒತ್ತಿದಳೋ. ನಾಳೆ ಎರಡನೇ ವರ್ಷದವರಿಗೆ ಪ್ರಾಕ್ಟಿಕಲ್ ಇದೆ, ಹತ್ತೂವರೆಗೆ, ಬೋರ್ಡಿನ ಮೇಲೆ ಪ್ರಯೋಗದ ಹೆಸರು ಬರೆಯಬೇಕು, ಸ್ಲೈಡು ತೊಳೆಯಲು ಜಂಬಯ್ಯನಿಗೆ ಹೇಳಬೇಕು, ಆಮೇಲೆ, ಆಮೇಲೆ ಹಾಜರಿ ತೆಗೆದುಕೊಳ್ಳಬೇಕು, ಒಂದು, ಎರಡು, ಮೂರು, ನಾಲ್ಕು, ಅಲ್ಲಿಗೆ ನಿಲ್ಲುತ್ತದೆ, ಬಸ್ಸು ಹೊರಟರೂ ಅಲ್ಲೇ ನಿಲ್ಲುತ್ತದೆ, ನಾಲ್ಕರ ನಂತರ ಆ ಕೈ, ಮೊಣಕೈಗೆ ಜಾರಿದ ಬಳೆ, ಬಾಯಿ ತೆರೆದ ಕತ್ತರಿ, ಮುಚ್ಚದ ಕತ್ತರಿ, ನಡುವೆ ಒಂದು ಹಸಿ ಬೇರು, ಬಾಯಿ ತೆರೆದ ಕತ್ತರಿ