ಸುಮಿತ್ರಮ್ಮನ ಹಿತ್ತಿಲ ಉದ್ದಕಾಲಿನ ನೊಣಗಳು

ಜಾವಗಲ್ಲಿನ ಸುಮಿತ್ರಮ್ಮ ಅಡುಗೆ ಕಟ್ಟೆಯನ್ನು ದಿನಕ್ಕೆ ಮೂರು ಸಲ ಒರೆಸುವವರು. ಅಂಥವರ ಬಾಗಿಲಿಗೆ ಹೆಗಲಚೀಲದ ಹುಡುಗಿಯೊಬ್ಬಳು ಬಂದು, "ಆಂಟಿ, ನಿಮ್ಮನೇಲಿ ನೊಣ ಇದಾವಂತೆ, ನೋಡ್ಬಹುದಾ?" ಎಂದು ಕೇಳಿದರೆ ಮೈ ಉರಿಯದೆ ಇರುತ್ತದೆಯೇ?

"ಯಾರಮ್ಮ ನಿಂಗೆ ಹೇಳಿದ್ದು?"

"ಬಸ್ ಸ್ಟ್ಯಾಂಡಲ್ಲಿ ಅಂಕಲ್ ಹೇಳಿದ್ರು."

ಸುಮಿತ್ರಮ್ಮ ತಿರುಗಿ ನೋಡಿದರು. ಗಂಡ ಗಂಗಾಧರಯ್ಯ ಪೇಪರಿನ ಹಿಂದೆ ಪೂರ್ತಿ ಮರೆಯಾಗಿದ್ದರು.

ಹುಡುಗಿಯ ಹೆಸರು ಹೇಮಾಶ್ರೀ. ಕೊಳೆಯುವ ಮರದ ಮೇಲೆ ಬದುಕುವ, ಯಾರೂ ಅಷ್ಟಾಗಿ ಗಮನಿಸದ ಉದ್ದಕಾಲಿನ ನೊಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಗಂಗಾಧರಯ್ಯನವರ ಹಿತ್ತಿಲಲ್ಲಿ ಪಪ್ಪಾಯಿ ಮರವೊಂದು ಬಿದ್ದು ಎರಡು ತಿಂಗಳಾಗಿತ್ತು. ಅದನ್ನು ಎತ್ತಿಸುವ ದಿನ ಮಾತ್ರ ಬಂದಿರಲಿಲ್ಲ.

"ಇವು ಅಡುಗೆಮನೆ ನೊಣ ಅಲ್ಲ ಆಂಟಿ. ಇವುಗಳ ಕುಟುಂಬಾನೇ ಬೇರೆ."

"ಆ ಗಲೀಜು ನೊಣಕ್ಕೂ ಇವಕ್ಕೂ ನೆಂಟಸ್ತನ ಇಲ್ಲ ತಾನೇ?"

"ಇದೆ, ಬಹಳ ದೂರದ್ದು."

"ದೂರದ್ದಾದ್ರೆ ಪರವಾಗಿಲ್ಲ, ಬಾ," ಎಂದು ಸುಮಿತ್ರಮ್ಮ ಹಿತ್ತಿಲಿಗೆ ಕರೆದುಕೊಂಡು ಹೋದರು.

ಕಾಂಡದ ಮೇಲೆ ಹೆಣ್ಣೊಂದು ಮೊಟ್ಟೆಯಿಡುತ್ತಿತ್ತು. ಅದರ ಮೇಲೆ ಚಪ್ಪರ ಹಾಕಿದ ಹಾಗೆ ಗಂಡೊಂದು ಕಾಲೂರಿ ಕಾವಲು ನಿಂತಿತ್ತು. ಇನ್ನೊಂದು ಗಂಡು ಬಂದದ್ದೇ ತಡ, ಎರಡೂ ಹಿಂಗಾಲಿನ ಮೇಲೆ ಎದ್ದು ನಿಂತು, ಎದೆಗೆ ಎದೆ ಕೊಟ್ಟು ಮುಂಗಾಲಲ್ಲಿ ಬಡಿದಾಡತೊಡಗಿದವು.

"ಅಯ್ಯೋ, ಬಿಡಿಸಮ್ಮ!" ಎಂದರು ಸುಮಿತ್ರಮ್ಮ.

ಹೇಮಾಶ್ರೀ ಬಿಡಿಸಲಿಲ್ಲ. ಜಗಳ ಮುಗಿದ ಮೇಲೆ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ಬಣ್ಣದ ಚುಕ್ಕಿಯಿಟ್ಟಳು. ಮಾರನೆಯ ದಿನ ಅವಳಿಗೆ ಬೇಲೂರಿನಲ್ಲಿ ಕೆಲಸವಿತ್ತು. "ನಾಳೆ ಒಂದು ದಿನ ನೀವೇ ನೋಡಿ ಬರೆದಿಡ್ತೀರಾ?" ಎಂದು ನೋಟ್‌ಬುಕ್ಕು ಕೊಟ್ಟು ಹೋದಳು.

ಗಂಗಾಧರಯ್ಯನವರಿಗೆ ಅಷ್ಟರಲ್ಲಿ ಬುದ್ಧಿ ಬಂದಿತ್ತು. ಬೆಳಗ್ಗೆಯೇ ಪಕ್ಕದ ತೋಟದ ಏಕಾಂತಯ್ಯನನ್ನು ಹಾರೆ, ಹಗ್ಗದ ಸಮೇತ ಕರೆತಂದರು. ನೋಡಿದರೆ, ಸುಮಿತ್ರಮ್ಮ ಕಾಂಡದ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾರೆ.

"ಏಳೇ, ಮರ ಎತ್ತಬೇಕು."

"ಮುಟ್ಟಿದ್ರೆ ನೋಡಿ! ಕೆಂಪಿಗೂ ಬಿಳಿಗೂ ಜಗಳ ಬಿದ್ದೈತೆ. ನೆರಳು ಬೀಳ್ತದೆ, ಆ ಕಡೆ ಸರೀರಿ."

ಗಂಡಸರಿಬ್ಬರೂ ಸರಿದರು, ಬಗ್ಗಿದರು, ಆಮೇಲೆ ಕುಕ್ಕರುಗಾಲಲ್ಲಿ ಕೂತೇ ಬಿಟ್ಟರು. ಏಕಾಂತಯ್ಯ ಬಿಳಿಯ ಪಕ್ಷ ಹಿಡಿದ. ಗಂಗಾಧರಯ್ಯ ಕೆಂಪಿಗಾಗಿ ಗಂಟಲು ಹರಿದುಕೊಂಡರು. ಹನ್ನೆರಡಕ್ಕೆ ಹೇಮಾಶ್ರೀಯ ಫೋನು ಬಂತು, ಸುಮಿತ್ರಮ್ಮ ಸ್ಪೀಕರಿಗೆ ಹಾಕಿದರು.

"ಯಾವುದು ಗೆಲ್ತು ಆಂಟಿ?"

"ಕೆಂಪು!" "ಸುಳ್ಳು ಕಣಮ್ಮ, ಬಿಳೀದು!" ಎಂದು ಇಬ್ಬರೂ ಕೂಗಿಕೊಂಡರು.

"ಸುಮ್ನಿರ್ರೀ," ಎಂದು ಗದರಿಸಿ ಸುಮಿತ್ರಮ್ಮ ನೋಟ್‌ಬುಕ್ಕು ನೋಡಿ ಓದಿದರು: "ಹನ್ನೊಂದು ಇಪ್ಪತ್ತು. ಇವೆರಡೂ ಹೊಡೆದಾಡ್ತಿರುವಾಗ, ಚುಕ್ಕಿ ಇಲ್ಲದ ಒಂದು ಸಣ್ಣ ಗಂಡು ಹಿಂದಿನಿಂದ ಬಂದು ಹೆಣ್ಣಿನ ಜೊತೆ ಸೇರ್ಕೊಂಡಿತು. ಇವಕ್ಕೆ ಗೊತ್ತೇ ಆಗಲಿಲ್ಲ. ನೋಡ್ತಾ ಕೂತಿದ್ದ ಇಬ್ಬರು ಗಂಡಸರಿಗೂ ಗೊತ್ತಾಗಲಿಲ್ಲ."

ಫೋನಿನ ಆ ಕಡೆ ಹೇಮಾಶ್ರೀ ಖುಷಿಯಿಂದ ಕಿರುಚಿದಳು. ಈ ಕಡೆ ಇಬ್ಬರು ಗಂಡಸರೂ ಆ ಸಣ್ಣದು ಎಲ್ಲಿ ಹೋಯಿತೆಂದು ಕಾಂಡದ ಸುತ್ತ ತಡಕಾಡುತ್ತಿದ್ದರು.