ಕಾಮಣ್ಣನ ಅಳತೆ

ನನ್ನ ಹೆಂಡತಿ ಯಲ್ಲಕ್ಕನಿಗೆ ನನ್ನ ಒಂದು ಚಾಳಿ ಕಂಡರೆ ಆಗುವುದಿಲ್ಲ. ಹೊಸ ಅಂಗಿ ಹೊಲಿಸಿದರೆ ಅದನ್ನು ಟೇಲರ್ ಅಂಗಡಿಯಲ್ಲೇ ಹಾಕಿಕೊಂಡು, ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುತ್ತೇನೆ. "ಜಮಖಂಡಿ ಕಚೇರಿಯಾಗ ಕ್ಲಾರ್ಕ್ ಅದೀರಿ, ಸಣ್ಣ ಹುಡುಗರಂಗ ಮಾಡ್ತೀರಲ್ಲಾ" ಎಂದು ಬೈಯುತ್ತಾಳೆ. ಬೈಯಲಿ. ಶಾಲೆ ಸೇರಿದಂದಿನಿಂದ ಹನ್ನೆರಡು ತುಂಬುವವರೆಗೆ ನಾನು ತೊಟ್ಟ ಅಂಗಿಗಳೆಲ್ಲ ಮೊದಲು ಇನ್ನೊಬ್ಬನ ಮೈಮೇಲೆ ಇದ್ದು ಬಂದವು. ಆ ಇನ್ನೊಬ್ಬನ ಹೆಸರು ಕಾಮಣ್ಣ.

ನಮ್ಮೂರು ಬನಹಟ್ಟಿ. ಅಪ್ಪ ಗಿರಮಲ್ಲಪ್ಪ ಕುರಿ ಕಾಯುವುದನ್ನು ಬಿಟ್ಟು ಶಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿ ಆಗಿದ್ದ. ದೊಡ್ಡಪ್ಪನ ಹಿಂಡು ಮಾತ್ರ ಇನ್ನೂ ಚಿಮ್ಮಡದ ಕಡೆ ಇತ್ತು. ಅವ್ವ ಸಾತವ್ವನಿಗೆ ನನಗಿಂತ ಮೊದಲು ಇಬ್ಬರು ಗಂಡುಮಕ್ಕಳು ಹುಟ್ಟಿ, ಇಬ್ಬರೂ ವರ್ಷ ತುಂಬುವ ಮೊದಲೇ ಹೋಗಿದ್ದರು. ಇಬ್ಬರಿಗೂ ಆಕೆ ಆಸೆಪಟ್ಟು ಹೊಸ ಅಂಗಿ, ಹೊಸ ಕುಲಾಯಿ ಹೊಲಿಸಿದ್ದಳಂತೆ. ನಾನು ಹುಟ್ಟಿದಾಗ ಆಸೆಪಡುವ ಧೈರ್ಯವೇ ಉಳಿದಿರಲಿಲ್ಲ. ಹಿರಿಯರು ಹೇಳಿದಂತೆ ಐದು ಮನೆಗಳ ಮುಂದೆ ಸೆರಗೊಡ್ಡಿ ನಿಂತು, ಹಳೆಯ ಅರಿವೆ ಬೇಡಿ ತಂದು ನನಗೆ ತೊಡಿಸಿದಳು. ಬೇಡಿದ ಬಟ್ಟೆ ತೊಟ್ಟ ಕೂಸು ಯಾರದೆಂದು ಸಾವಿಗೆ ಗುರುತು ಸಿಗುವುದಿಲ್ಲ ಎಂಬ ನಂಬಿಕೆ. ರಜಿಸ್ಟರಿನಲ್ಲಿ ನನ್ನ ಹೆಸರು ಹಾಲಸಿದ್ದಪ್ಪ. ಓಣಿಯಲ್ಲಿ ತಿರಕ್ಯಾ, ತಿರಿದು ತಂದವನು. ಹನ್ನೆರಡು ತುಂಬಿದ ಮೇಲೆ ಚಿಮ್ಮಡದ ಕಡೆಯ ಬೀರೇಶ್ವರನ ಗುಡಿಯಲ್ಲಿ ಹೊಸ ಅಂಗಿ ತೊಡಿಸುತ್ತೇನೆ, ಅಲ್ಲಿಯವರೆಗೆ ಹೊಸ ನೂಲು ಮೈಗೆ ತಾಗಿಸುವುದಿಲ್ಲ ಎಂದು ಆಕೆ ಹರಕೆ ಹೊತ್ತಿದ್ದಳು.

ಕೂಸಿದ್ದಾಗ ಐದು ಮನೆಯ ಅರಿವೆ ಸಾಕಾಗುತ್ತಿತ್ತು. ಶಾಲೆಗೆ ಹೋಗುವಾಗ ನಮ್ಮ ಓಣಿಯಲ್ಲಿ ನನಗಿಂತ ಒಂದು ವರ್ಷ ದೊಡ್ಡವನು, ಒಂದು ಗೇಣು ದಪ್ಪನೆಯವನು ಇದ್ದದ್ದು ಮುತ್ತವ್ವನ ಮಗ ಕಾಮಣ್ಣ ಒಬ್ಬನೇ. ಮುತ್ತವ್ವನ ಮನೆಯಲ್ಲಿ ಮಗ್ಗ ಇತ್ತು. ಆಕೆ ಬಾಗಿಲ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುತ್ತಿದ್ದಳು. ಅವ್ವ ಹೋಗಿ ನಿಂತರೆ ಕಾಮಣ್ಣನ ಹಳೆಯ ಅಂಗಿ ತಂದು ಕೊಡುತ್ತಿದ್ದಳು. ಕಾಮಣ್ಣ ಜೇಬಿನ ತುಂಬ ಗೋಲಿ ತುಂಬಿಕೊಳ್ಳುವವನಾದ್ದರಿಂದ ನನಗೆ ನೆಟ್ಟಗಿರುವ ಜೇಬು ಎಂದೂ ಸಿಗಲಿಲ್ಲ. ಅವನು ಎಡ ತೋಳಿಗೆ ಮೂಗು ಒರೆಸುತ್ತಿದ್ದ. ಆ ಕಲೆಯೂ ನನಗೇ. ಅಂಗಿಯ ಭುಜ ನನ್ನ ಮೊಣಕೈಯತ್ತ ಇಳಿದಿರುತ್ತಿತ್ತು. ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಆಟದಲ್ಲಿ ನಾನು ಗೆಲ್ಲುವ ಹೊತ್ತಿಗೆ ಸರಿಯಾಗಿ ಅವನು ನನ್ನ ಕಾಲರ್ ಹಿಡಿದು, "ಅಂಗಿ ನಂದಲೇ ಮಗನ, ಹರದಗಿರದೀ" ಎನ್ನುತ್ತಿದ್ದ. ಆಗ ಹುಡುಗರೆಲ್ಲ ನಗುತ್ತಿದ್ದರು. ನಾನು ಅಂಗಿ ಹರಿಯದಂತೆ ಆಡುವುದನ್ನು ಕಲಿತೆ. ಅಂಗಿ ಹರಿಯದಂತೆ ಆಡುವವನು ಯಾವ ಆಟವನ್ನೂ ಗೆಲ್ಲುವುದಿಲ್ಲ.

ಸಾವಿರದ ಒಂಬೈನೂರ ಅರವತ್ತೇಳರ ಜೂನ್‌ನಲ್ಲಿ ನಾನು ಹೈಸ್ಕೂಲಿಗೆ ಹೋಗಬೇಕಿತ್ತು. ಬಿಳಿ ಅಂಗಿ, ಖಾಕಿ ಚಡ್ಡಿ. ಆ ಬೇಸಿಗೆಯೆಲ್ಲ ನನಗೆ ಒಂದೇ ಧ್ಯಾನ: ಮೊದಲ ದಿನ ನನ್ನ ಸ್ವಂತ ಅಂಗಿ ಹಾಕಿಕೊಂಡು ಹೋಗಬೇಕು. ಅಪ್ಪ ನನ್ನ ಪಕ್ಷದಲ್ಲಿದ್ದ. ಅವನು ರಬಕವಿಯಿಂದ ಬಿಳಿ ಬಟ್ಟೆ ತಂದು ನನ್ನನ್ನು ಸಿಂಪಿಗೇರ ತುಕಾರಾಮನ ಅಂಗಡಿಗೆ ಕರೆದುಕೊಂಡು ಹೋದ. ತುಕಾರಾಮ ಭುಜದಿಂದ ಭುಜಕ್ಕೆ ಟೇಪು ಎಳೆದು, ಅಂಕಿ ಕೂಗಿ, ಪುಸ್ತಕದಲ್ಲಿ ಬರೆದುಕೊಂಡ. ಅಲ್ಲಿಯವರೆಗೆ ನನಗೆ ನನ್ನದೇ ಅಳತೆ ಇದೆಯೆಂದು ಯಾರೂ ಹೇಳಿರಲಿಲ್ಲ. ಮೈಗೆಲ್ಲ ಕಚಗುಳಿಯಾಗಿ ನಾನು ನಕ್ಕುಬಿಟ್ಟೆ.

ಅಂಗಿ ಮನೆಗೆ ಬಂದ ದಿನ ಅವ್ವ ಅದನ್ನು ಕೈಯಿಂದ ಮುಟ್ಟಲಿಲ್ಲ.

"ಇನ್ನಾ ಐದ ತಿಂಗಳ ಐತಿ" ಎಂದಳು.

"ಹನ್ನೆರಡ ತುಂಬಿದಾವು. ಜೂನ್ ಒಂದಕ್ಕ ಹುಟ್ಯಾನ ಅಂತ ರಜಿಸ್ಟರದಾಗ ಬರದೈತಿ. ನಾ ದಿನಾ ಹೊತ್ತಾಡೋ ರಜಿಸ್ಟರ ಐತಿ ಅದು" ಎಂದ ಅಪ್ಪ.

"ನಿಮ್ಮ ರಜಿಸ್ಟರ ಹಡದೈತೇನ್ರಿ ಇವನ್ನ? ದೀಪಾವಳಿ ಪಾಡ್ಯಾದ ದಿನ, ಹೊರಗ ಕುರಿ ಬೆದರಸಾಕತ್ತಿದ್ರು, ಆ ಗದ್ದಲದಾಗ ಹಡದೇನಿ ನಾನು."

ತಪ್ಪು ಅಪ್ಪನದೇ. ಆಗಿನ ಮಾಸ್ತರರು ಯಾರೇ ಹುಡುಗನನ್ನು ಕರೆತಂದರೂ ಜೂನ್ ಒಂದು ಎಂದೇ ಬರೆಯುತ್ತಿದ್ದರು. ನಮ್ಮ ವರ್ಗದಲ್ಲಿ ಮೂವತ್ತು ಮಂದಿ ಒಂದೇ ದಿನ ಹುಟ್ಟಿದವರಿದ್ದೆವು. ಇದು ಗೊತ್ತಿದ್ದೂ, ವರ್ಷವಿಡೀ ಆ ರಜಿಸ್ಟರನ್ನು ಎದೆಗವಚಿಕೊಂಡು ತಿರುಗಿದ ಅಪ್ಪನಿಗೆ ಅದರಲ್ಲಿದ್ದದ್ದೇ ಖರೆ ಅನಿಸತೊಡಗಿತ್ತು. ಅವ್ವ ಅಂಗಿಯನ್ನು ಕೋಲಿನಿಂದ ಎತ್ತಿ ಟ್ರಂಕಿನಲ್ಲಿ ಹಾಕಿದಳು. ನನ್ನ ಮುಂದೆ ಕಾಮಣ್ಣನ ಹಳೆಯ ಬಿಳಿ ಅಂಗಿ ಇಟ್ಟಳು. ಅದರ ಜೇಬಿನ ಕೆಳಗೆ ಅಂಗೈಯಗಲ ಶಾಯಿ ಕಲೆ ಇತ್ತು.

ನಾನು ಅತ್ತೆ, ಕೂಗಾಡಿದೆ, ಉಣ್ಣಲಿಲ್ಲ. ಆಕೆ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮೊದಲ ದಿನ ಬೆಳಗ್ಗೆ ಆಕೆ ನೀರಿಗೆ ಹೋದಾಗ ಟ್ರಂಕು ತೆಗೆದು ಹೊಸ ಅಂಗಿ ತೊಟ್ಟು, ಮೇಲೆ ಕಾಮಣ್ಣನ ಅಂಗಿ ತೊಟ್ಟು ಹೊರಟೆ. ಅವನ ಅಂಗಿ ದೊಡ್ಡದಾಗಿದ್ದದ್ದು ಅವತ್ತೊಂದು ದಿನ ಕೆಲಸಕ್ಕೆ ಬಂತು.

ಶಾಲೆಯ ಕಂಪೌಂಡಿನ ಹಿಂದೆ ಹಳೆಯದನ್ನು ಬಿಚ್ಚಿ ಬೇವಿನ ಟೊಂಗೆಗೆ ಸಿಕ್ಕಿಸಿದೆ. ಹೊಸ ಅಂಗಿಯ ಭುಜ ನನ್ನ ಭುಜದ ಮೇಲೆಯೇ ಇತ್ತು. ಒಳಗೆ ಹೋಗುವಾಗ ಕಾಮಣ್ಣ ಎದುರಾಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾರ ಅಂಗಿಲೇ ಅದು?"

"ನಂದು" ಎಂದೆ.

ಅವತ್ತು ಮಾಸ್ತರರು ಏನು ಕಲಿಸಿದರೋ ದೇವರಿಗೇ ಗೊತ್ತು. ನಾನು ದಿನವಿಡೀ ನನ್ನ ತೋಳು ನೋಡಿಕೊಂಡು ಕೂತೆ. ಮಧ್ಯಾಹ್ನ ಕಬಡ್ಡಿಯಲ್ಲಿ ಮೂವರನ್ನು ಔಟ್ ಮಾಡಿದೆ.

ಸಂಜೆ ಬೇವಿನ ಗಿಡದ ಹತ್ತಿರ ಬಂದರೆ ಟೊಂಗೆ ಖಾಲಿ. ಕಾಮಣ್ಣ ತನ್ನ ಅಂಗಿ ತೂಗಾಡುವುದನ್ನು ಕಂಡು, ತನ್ನದೇ ಅಲ್ಲವೇ ಎಂದು ತೆಗೆದುಕೊಂಡು ಹೋಗಿದ್ದ. ಬೇರೆ ದಾರಿಯಿಲ್ಲದೆ ನಾನು ಹೊಸ ಅಂಗಿಯಲ್ಲೇ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು.

"ಯಾವಾಗ ಹಾಕ್ಕೊಂಡೀ?"

"ಮುಂಜಾನೆ."

ಆಕೆ ಎದ್ದು ಬಂದಳು. ಹೊಡೆಯುತ್ತಾಳೆ ಎಂದು ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ. ಹೊಡೆಯಲಿಲ್ಲ. ಹಿಟ್ಟಿನ ಕೈಯನ್ನೇ ನನ್ನ ಹಣೆಯ ಮೇಲಿಟ್ಟು ಜ್ವರ ಇದೆಯೇ ಎಂದು ನೋಡಿದಳು. ಹೊಸ ಅಂಗಿ ಮತ್ತೆ ಟ್ರಂಕು ಸೇರಿತು. ಮುಂದಿನ ಮೂರು ದಿನ ಅದೇ ಕೆಲಸ. ಉಣ್ಣುವಾಗ, ಓದುವಾಗ, ಹಿತ್ತಲಿಗೆ ಹೋಗಿ ಬರುವಾಗ ಆ ಕೈ ನನ್ನ ಹಣೆಯ ಮೇಲೆ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ನಾಲ್ಕನೆಯ ದಿನ ರವಿವಾರ. ಮುಂಜಾನೆ ನಾನೊಂದು ಸೀನು ಸೀನಿದೆ. ಒಂದೇ ಒಂದು.

ಅವ್ವ ನನ್ನ ರಟ್ಟೆ ಹಿಡಿದು ಹೊರಗೆ ಹೊರಟಳು.

ಮೊದಲನೆಯ ಮನೆ, ಎರಡನೆಯ ಮನೆ, ಮೂರನೆಯ ಮನೆ. ರವಿವಾರವಾದ್ದರಿಂದ ನನ್ನ ವರ್ಗದ ಹುಡುಗರು ಕಟ್ಟೆಗಳ ಮೇಲೆಯೇ ಕೂತಿದ್ದರು. ಅವ್ವ ಹೊಸ್ತಿಲ ಹೊರಗೆ ನಿಂತು, ಸೆರಗೊಡ್ಡಿ, "ಯವ್ವಾ, ನನ್ನ ಮಗಗ ಒಂದ ಹಳೀ ಅರಿವಿ ನೀಡ್ರೀ" ಎನ್ನುತ್ತಿದ್ದಳು. ಬಾಣಂತಿಯಾಗಿ ಬೇಡಿದಾಗ ಯಾರೂ ನಕ್ಕಿರಲಿಕ್ಕಿಲ್ಲ. ಈಗ ಆಕೆ ಪಗಾರ ತರುವವನ ಹೆಂಡತಿ, ಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮಗ. ನಾಲ್ಕನೆಯ ಮನೆಯಲ್ಲಿ ಸಾವಕ್ಕ ಎಂಬಾಕೆ ಒಳಗೆ ತಿರುಗಿ, "ನೋಡ್ರಬೇ, ಸಿಪಾಯಿ ಹೇಣ್ತಿ ಬೇಡಾಕ ಬಂದಾಳ" ಎಂದು ಕಿಸಕ್ಕನೆ ನಕ್ಕಳು. ಅವ್ವ ತಲೆ ಎತ್ತಲಿಲ್ಲ. ಸೆರಗು ಮಾತ್ರ ಹಾಗೇ ಹಿಡಿದಿದ್ದಳು. ಸಾವಕ್ಕ ಒಂದು ಚಿಂದಿ ಎಸೆದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಚಿಕೆಯಾದದ್ದು ಅವ್ವನಿಂದ ಎಂದು ಆ ಕ್ಷಣ ನಾನು ತಿಳಿದಿದ್ದೆ.

ಐದನೆಯದು ಮುತ್ತವ್ವನ ಮನೆ. ಆಕೆ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಎದ್ದಳು. ಅದೇ ಶಾಯಿ ಕಲೆಯ ಅಂಗಿ ಒಗೆದು ಮಡಚಿಟ್ಟಿತ್ತು. ಅದನ್ನು ಅವ್ವನ ಸೆರಗಿಗೆ ಹಾಕಿ, ನನ್ನ ಕಡೆ ತಿರುಗಿದಳು.

"ಲೇ ತಿರಕ್ಯಾ, ನಿಮ್ಮವ್ವ ಉಟ್ಟ ಸೀರಿ ನೋಡೀಯೇನ?"

ನೋಡಿದೆ. ಹಸಿರು ಸೀರೆ, ಕೆಂಪು ದಡಿ, ಎರಡು ಕಡೆ ತೇಪೆ.

"ಅದು ನಂದು. ನಾನು ಮೂರ ವರ್ಷ ಉಟ್ಟ ಸೀರಿ. ನಿನಗ ಬೇಡಾಕ ಬಂದಾಗ ತನಗೂ ಒಂದ ಬೇಡತಾಳ. ಮಗಾ ಹೊಸಾದು ಉಡೂತನಕಾ ನಾ ಉಡಾಂಗಿಲ್ಲ ಅಂತ. ನೀ ಹುಟ್ಟಿದಾಗಿಂದ ಹೊಸಾ ಸೀರಿ ಮೈಗೆ ಹಚ್ಚಿಲ್ಲಾ ಆಕಿ."

"ಇರ್ಲಿ ಬಿಡ ಮುತ್ತವ್ವಾ" ಎಂದಳು ಅವ್ವ. "ಹುಡುಗಗ ಯಾಕ ಹೇಳತೀ."

ನಮ್ಮೂರಿಗೆ ಊರೇ ಸೀರೆ ನೇಯುತ್ತದೆ. ಮುಂಜಾನೆ ಎದ್ದರೆ ಮಗ್ಗದ ಸಪ್ಪಳ, ಓಣಿಯುದ್ದಕ್ಕೂ ಬಿಗಿದು ಕಟ್ಟಿದ ಹಾಸಿನ ಎಳೆಗಳು, ಎಲ್ಲಿ ನೋಡಿದರೂ ಬಣ್ಣದ ನೂಲು. ಇದರ ನಡುವೆ ಹನ್ನೊಂದೂವರೆ ವರ್ಷ ಅವ್ವ ಇನ್ನೊಬ್ಬರು ಬಿಟ್ಟ ಸೀರೆ ಉಟ್ಟು ತಿರುಗಿದ್ದಳು. ನನಗೆ ಗೊತ್ತೇ ಇರಲಿಲ್ಲ. ಕಾಮಣ್ಣನ ಅಂಗಿಯ ಒಂದೊಂದು ಕಲೆಯೂ ನನಗೆ ಬಾಯಿಪಾಠವಿತ್ತು. ಅವ್ವನ ಸೀರೆಯ ಬಣ್ಣ ಕೇಳಿದ್ದರೆ ಅವತ್ತಿನವರೆಗೆ ಹೇಳಲು ಬರುತ್ತಿರಲಿಲ್ಲ. ನಾನು ಸೆರಗಿನಿಂದ ಆ ಅಂಗಿ ಎತ್ತಿಕೊಂಡು ಅಲ್ಲೇ ಮುತ್ತವ್ವನ ಅಂಗಳದಲ್ಲಿ, ಕಾಮಣ್ಣ ನೋಡುತ್ತಿರುವಾಗಲೇ ತೊಟ್ಟುಕೊಂಡೆ.

ಆಮೇಲಿನ ಐದು ತಿಂಗಳು ಶಾಯಿ ಕಲೆಯೊಂದಿಗೇ ಹೈಸ್ಕೂಲಿಗೆ ಹೋದೆ. ಒಮ್ಮೆಗೇ ಸಾಧುವಾದೆ ಎಂದಲ್ಲ, ಗೊಣಗಿದೆ. ಆದರೆ ಟ್ರಂಕಿನ ತಂಟೆಗೆ ಹೋಗಲಿಲ್ಲ.

ಪಾಡ್ಯದ ದಿನ ಚಿಮ್ಮಡದ ಕಡೆ ದೊಡ್ಡಪ್ಪನ ಹಿಂಡಿನ ಹತ್ತಿರ ಹೋದೆವು. ಹಬ್ಬದ ವಾಡಿಕೆಯಂತೆ ಕೂಗಿ ಹಿಂಡನ್ನು ಓಡಿಸಿ, ಕುರಿ ಬೆದರಿಸಿ ಆಗಿತ್ತು, ಗುಡಿಯ ಮುಂದೆ ಇನ್ನೂ ಧೂಳು ಇಳಿದಿರಲಿಲ್ಲ. ಪೂಜಾರಿ ಕಾಯಿ ಒಡೆದು ಹಣೆಗೆ ಭಂಡಾರದ ಅರಿಶಿನ ಹಚ್ಚಿದ. ಅಪ್ಪ ಗಂಟು ಬಿಚ್ಚಿದ. ನನ್ನ ಬಿಳಿ ಅಂಗಿ ಮೇಲಿತ್ತು. ಅದರ ಕೆಳಗೆ, ಬನಹಟ್ಟಿಯಲ್ಲೇ ನೇಯ್ದ, ಮಡಿಕೆ ಬಿಚ್ಚದ ಒಂದು ನೀಲಿ ಸೀರೆ.

"ಮೊದಲ ನೀ ಉಟಗೊಂಡ ಬಾ ಬೇ. ಆಮ್ಯಾಲೆ ನಾ" ಎಂದೆ.

ಅವ್ವ ನನ್ನನ್ನೂ ಅಪ್ಪನನ್ನೂ ಒಮ್ಮೆ ನೋಡಿ, ಸೀರೆ ಹಿಡಿದು ಗುಡಿಯ ಹಿಂದೆ ಹೋದಳು. ಬಹಳ ಹೊತ್ತಾಯಿತು. ಬಂದಾಗ ಗಂಜಿಯ ಬಿರುಸಿಗೆ ನಿರಿಗೆ ಕೂರದೆ ಮುಂದಕ್ಕೆ ಚಾಚಿಕೊಂಡಿತ್ತು, ಆಕೆ ಅದನ್ನು ಎರಡೂ ಕೈಯಿಂದ ಅದುಮಿಕೊಂಡು ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು. "ಚುಚ್ಚತೈತಿ" ಎಂದಳು. ನನ್ನ ಅವ್ವ ಚೆಂದ ಇದ್ದಾಳೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆಕೆ ಬಿಳಿ ಅಂಗಿ ಎತ್ತಿ ನನ್ನ ಮುಂದೆ ಹಿಡಿದಳು. ನಾನು ಕಾಮಣ್ಣನ ಅಂಗಿ ಬಿಚ್ಚಿದೆ. ಹೊಸದನ್ನು ತೆಗೆದುಕೊಳ್ಳುವ ಬದಲು, ಬಿಚ್ಚಿದ ಹಳೆಯ ಅಂಗಿಯನ್ನು ಎರಡೂ ಕೈಯಲ್ಲಿ ಸೆರಗಿನಂತೆ ಅಗಲ ಮಾಡಿ ಒಡ್ಡಿದೆ. ಹೀಗೆ ಮಾಡಬೇಕೆಂದು ಮೊದಲೇ ಯೋಚಿಸಿರಲಿಲ್ಲ.

"ಯವ್ವಾ, ನನಗೊಂದ ಅಂಗಿ ನೀಡ ಬೇ."

ಅಪ್ಪ ನಕ್ಕ. ಅವ್ವ ನಗಲಿಲ್ಲ. ಹಿಡಿದಿದ್ದ ಅಂಗಿಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಆಮೇಲೆ ಅದರ ತೋಳಿನಿಂದಲೇ ಕಣ್ಣು ಒರೆಸಿಕೊಂಡು, "ತಗೋ ನನ್ನಪ್ಪಾ" ಎಂದು ನಾನು ಒಡ್ಡಿದ ಅರಿವೆಯೊಳಗೆ ಹಾಕಿದಳು.

ತೊಟ್ಟುಕೊಂಡೆ. ಐದು ತಿಂಗಳಲ್ಲಿ ನಾನು ಬೆಳೆದಿದ್ದೆ, ಭುಜ ಸ್ವಲ್ಪ ಬಿಗಿಯಾಗಿತ್ತು. ಎಡ ತೋಳು ಒದ್ದೆಯಾಗಿತ್ತು. ಊರು ಮುಟ್ಟುವವರೆಗೂ ಅದು ಆರಲಿಲ್ಲ, ನಾನೂ ತೋಳು ಮಡಚಲಿಲ್ಲ.