ಬಾವುಟ ಕಟ್ಟದ ವ್ಯಾನು

ಮಧ್ಯಾಹ್ನ ಒಬ್ಬಳ ಕೈಯಿಂದ ತಿಂಡಿ ಈಸಿಕೊಂಡು ತಿಂದು, ಸಂಜೆಯೊಳಗೆ ಅವಳನ್ನು ಕಂಡೇ ಇಲ್ಲವೆಂದವರ ಸಾಲಿನಲ್ಲಿ ನೀವು ಎಂದೂ ನಿಂತಿಲ್ಲವೆಂದು ಎದೆಮುಟ್ಟಿ ಹೇಳಬಲ್ಲಿರಾ? ಹೇಳಬಲ್ಲವರಿಗೆ ಈ ಕಥೆಯಿಂದ ಪ್ರಯೋಜನವಿಲ್ಲ. ಉಳಿದವರು ಓದಿ.

ನನ್ನ ಹೆಸರು ರತ್ಸಿಂಬ. ಅಂಬಲವಾವು ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿದವನು. ನಮ್ಮ ಮಡಗಾಸ್ಕರ್ ದ್ವೀಪದ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಸೀಮೆಗೊಂದು ಬಣ್ಣ ಬಳಿದು, ಕೋಲಿನಿಂದ ತೋರಿಸುತ್ತ ಬದುಕಿನ ಬಹುಭಾಗ ಕಳೆದೆ. ನಿವೃತ್ತಿಯ ನಂತರ ಆ ಬಣ್ಣಗಳನ್ನು ಕಾಲಿನಿಂದ ಮುಟ್ಟಿ ಬರಬೇಕೆಂದು ಹೊರಟೆ. ಮೂಡಣದ ಸದಾ ತೊಟ್ಟಿಕ್ಕುವ ಕಾಡಿನಲ್ಲಿ ಲವಂಗ ಒಣಗಿಸುವವರ ಚಾಪೆಯ ಅಂಚಿನಲ್ಲಿ ಮಲಗಿದೆ. ಬಡಗಣದಲ್ಲಿ ವೆನಿಲ್ಲಾ ಬಳ್ಳಿಯ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಹೆಂಗಸರ ಜೊತೆ ಕೂತು ಉಂಡೆ. ಪಡುವಣದ ಕೆಂಪು ನದಿಗಳನ್ನು ದೋಣಿಯಲ್ಲಿ ದಾಟಿದೆ. ಒಂದು ಸೀಮೆಯಲ್ಲಿ ಹಂದಿಮಾಂಸ ನಿಷಿದ್ಧ, ಇನ್ನೊಂದರಲ್ಲಿ ಮಂಗಳವಾರ ಗದ್ದೆಗಿಳಿಯುವುದು ನಿಷಿದ್ಧ. ಏನು ಮಾಡಬಾರದೆಂದು ಮೊದಲು ಕೇಳಿ, ಆಮೇಲೆ ಕುಡಿಯಲು ನೀರು ಕೇಳುವುದು ನಮ್ಮಲ್ಲಿ ಪರಸ್ಥಳದವನ ಮರ್ಯಾದೆ. ಕೊನೆಗೆ ಉಳಿದದ್ದು ನೈಋತ್ಯ ಕರಾವಳಿಯ ತುಲಿಯಾರದಿಂದ ಮನೆಗೆ ಮರಳುವ ಹೆದ್ದಾರಿಯೊಂದೇ.

ತುಲಿಯಾರದ ನಿಲ್ದಾಣದಲ್ಲಿ ನಾನು ಹತ್ತಬೇಕಾದ ವ್ಯಾನಿನ ಹಿಂಬದಿಯಲ್ಲಿ ಚಾಲಕ ಲೆಮೇನಾ ಒಬ್ಬ ಹೆಂಗಸಿನೊಡನೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಅವಳು ಕರಾವಳಿಯ ವೆಜೊ ಜನದ ಮೀನುಗಾರ್ತಿ. ಕೆನ್ನೆಗಳಿಗೆ ಹಳದಿ ತೊಗಟೆಯ ಲೇಪ, ಕಾಲ ಬಳಿ ಉದ್ದನೆಯ ಚಾಪೆಯ ಸುರುಳಿ.

"ಬಾವುಟ ಕಟ್ಟಿದ್ರೆ ಒಬ್ಬನೂ ಹತ್ತಲ್ಲಕ್ಕಾ. ಹೆಣದ ಗಾಡಿ ಅಂತ ಪಕ್ಕದ ವ್ಯಾನಿಗೆ ಓಡ್ತಾರೆ. ಚಾಪೆ ಒಳಗೆ ಒಣಮೀನು ತುರುಕು. ಕೇಳಿದ್ರೆ ಮೀನು ಅಂದುಬಿಡು."

"ದಾರೀಲಿ ಬಿಚ್ಚಿಸಿದ್ರೆ?"

"ಅದು ನನ್ನ ತಲೆನೋವು. ನೀನು ಎರಡು ಸೀಟಿನ ದುಡ್ಡು ಕೊಡು."

ಸತ್ತವರನ್ನು ಹೊತ್ತ ಬಂಡಿಯ ಮುಂಭಾಗಕ್ಕೆ ದೇಶದ ಬಾವುಟ ಕಟ್ಟುವುದು ನಮ್ಮ ವಾಡಿಕೆ. ಅದನ್ನು ಕಂಡರೆ ದಾರಿಹೋಕರು ಟೋಪಿ ತೆಗೆಯುತ್ತಾರೆ, ಕಾವಲಿನವರು ಅಡ್ಡಗಟ್ಟುವುದಿಲ್ಲ. ಬಾವುಟವಿಲ್ಲದೆ ಸಾಗುವ ಮೂಳೆಗಳನ್ನು ಜನ ಕದ್ದ ಮೂಳೆಗಳೆಂದೇ ತಿಳಿಯುತ್ತಾರೆ. ಗೋರಿ ಒಡೆದು ಮೂಳೆ ಮಾರುವವರಿದ್ದಾರೆಂಬ ಭಯ ದ್ವೀಪದ ಉದ್ದಗಲಕ್ಕೂ ಇದೆ. ಆ ಭಯದ ಕೈಗೆ ಸಿಕ್ಕವರು ನ್ಯಾಯಾಲಯದವರೆಗೆ ಜೀವಂತ ತಲುಪುವುದು ಕಡಿಮೆ.

ಚಾಲಕ ಅತ್ತ ಹೋದೊಡನೆ ನಾನು ಅವಳ ಬಳಿ ನಿಂತು, ಶಾಲೆಯ ಮೇಷ್ಟ್ರೆಂದು ಪರಿಚಯ ಹೇಳಿಕೊಂಡೆ. "ತಂಗೀ, ಹಟ ಮಾಡಿ ಬಾವುಟ ಕಟ್ಟಿಸು. ಮುಂದೆ ಸಿಗೋದು ಬಾರಾ ಜನರ ಹುಲ್ಲುಗಾವಲು. ಅವರು ಭರ್ಜಿ ಹಿಡಿದೇ ದನ ಕಾಯೋರು."

"ಹಟ ಮಾಡಿ ಮಾಡೀನೇ ಈ ಹೊತ್ತಾಯ್ತು ಮೇಷ್ಟ್ರೇ. ಯಾವ ವ್ಯಾನಿನೋನೂ ಒಪ್ಲಿಲ್ಲ," ಎಂದಳು. ಅವಳ ಹೆಸರು ವುಲಾತಿಯಾ. ಚಾಪೆಯೊಳಗಿದ್ದವನು ಅವಳ ಗಂಡ ರೈನಿಜಾಫಿ, ನಮ್ಮದೇ ಗುಡ್ಡನಾಡಿನಿಂದ ಸಮುದ್ರದ ಕೆಲಸಕ್ಕೆ ಇಳಿದುಹೋಗಿ ಅಲ್ಲೇ ಮರಳಿನಲ್ಲಿ ಹೂಳಲ್ಪಟ್ಟು, ಈಗ ಮೂಳೆಗಳಾಗಿ ಮನೆಗೆ ಹೊರಟವನು. "ನಾಳೆ ಹಿರಿಯರ ಮೂಳೆಗೆ ಹೊಸ ಬಟ್ಟೆ ಹೊದಿಸೋಕೆ ಅವರ ಮನೆತನದ ಗೋರಿ ತೆರೀತಾರೆ. ಮತ್ತೆ ಯಾವ ವರ್ಷ ತೆರೀತಾರೋ. ನಾಳೆ ಒಳಗೆ ಹೋಗ್ದಿದ್ರೆ ಅವನು ಹೊರಗಿನವನಾಗೇ ಉಳೀತಾನೆ."

ವ್ಯಾನು ಹೊರಟಿತು. ಮುಳ್ಳುಗಂಟಿಯ ಬಯಲು, ಊದಿಕೊಂಡ ಕಾಂಡದ ಬಾವೊಬಾಬ್ ಮರಗಳು, ನೀಲಮಣಿಗಾಗಿ ನೆಲ ತೋಡಿದ ಊರುಗಳು ಹಿಂದೆ ಸರಿದವು. ಮಧ್ಯಾಹ್ನ ವುಲಾತಿಯಾ ಬೇಯಿಸಿದ ಮರಗೆಣಸನ್ನೂ ಎಣ್ಣೆಯಲ್ಲಿ ಹುರಿದ ಒಣ ಆಕ್ಟೋಪಸ್ಸನ್ನೂ ಎಲ್ಲರಿಗೂ ಹಂಚಿದಳು. ಬಂಗಾರದ ಹಲ್ಲಿನ ಹರಳು ವ್ಯಾಪಾರಿ ಎರಡು ಸಲ ಕೈಚಾಚಿದ. ಬಟ್ಟೆ ಮಾರುವ ದಪ್ಪ ಹೆಂಗಸು ತನ್ನ ಮಡಿಲಿನ ಹುಂಜಕ್ಕೂ ತಿನ್ನಿಸಿದಳು.

"ಇಂಥ ಕೈ ಅಡುಗೆ ಬಿಟ್ಟು ನಿನ್ನ ಗಂಡ ಎಲ್ಲಿ ಹೋದ, ಅಕ್ಕಾ? ಒಬ್ಬಳನ್ನೇ ಕಳಿಸಿದಾನಲ್ಲ," ಎಂದ ವ್ಯಾಪಾರಿ.

"ಜೊತೇಲೇ ಇದಾನೆ. ಮಾತು ಕಮ್ಮಿ."

"ಹಾಗಾದ್ರೆ ಪುಣ್ಯವಂತೆ ಬಿಡು. ನನ್ನೋನ ಬಾಯಿಗೆ ಬೀಗ ಹಾಕೋಕೆ ಆಗ್ಲಿಲ್ಲ," ಎಂದು ಬಟ್ಟೆಯವಳು ಸೇರಿಸಿದಳು. ವ್ಯಾನೆಲ್ಲ ನಕ್ಕಿತು. ನಾನು ನಗಲಿಲ್ಲ. ಬಂಡೆಗಳ ಬೆಟ್ಟ ಮುಗಿದು, ಒಂದು ಮರವೂ ಇಲ್ಲದ ಹುಲ್ಲಿನ ಪ್ರಸ್ಥಭೂಮಿ ತೆರೆದುಕೊಂಡಿತ್ತು.

ಇಳಿಹೊತ್ತಿನಲ್ಲಿ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿ ಕಂಡಿತು. ಅದರ ಹಿಂದೆ ಕಂಬಳಿ ಹೊದ್ದ ಗಂಡಸರು. ಕೈಯಲ್ಲಿ ಭರ್ಜಿ, ಕೊಡಲಿ. ಅವರ ಮುಖಗಳಲ್ಲಿ ದರೋಡೆಕೋರರ ಆತುರವಿರಲಿಲ್ಲ, ಅತ್ತು ಮುಗಿಸಿದವರ ಕೆಂಪು ಕಣ್ಣುಗಳಿದ್ದವು. ಬಂಡೆಯ ಗವಿಯಲ್ಲಿದ್ದ ಅವರ ಗೋರಿಯನ್ನು ಯಾರೋ ಒಡೆದು, ಹಿರಿಯ ತಾಯಿಯೊಬ್ಬಳ ಮೂಳೆಗಳನ್ನು ಒಯ್ದಿದ್ದರು. ಊರಿನ ಹಿರಿಯ ರೆಮಾಸಿ ಎಲ್ಲರನ್ನೂ ಇಳಿಸಿದ. ಅವನ ಜನ ಗಂಟುಮೂಟೆಗಳನ್ನು ಒಂದೊಂದಾಗಿ ಬಿಚ್ಚಿದರು.

ಚಾಪೆಯಿಂದ ಮೊದಲು ಒಣಮೀನು ಉದುರಿತು. ಆಮೇಲೆ ಬಿಳಿ ರೇಷ್ಮೆಯ ಹೆಣವಸ್ತ್ರ ಕಂಡಿತು. ಬಿಚ್ಚುತ್ತಿದ್ದವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ಮರುಕ್ಷಣ ಒಂದು ಭರ್ಜಿಯ ಮೊನೆ ವುಲಾತಿಯಾಳ ಕೊರಳ ಬಳಿ ಇತ್ತು.

"ಇವಳ ಜೊತೆ ಬಂದೋರು ಯಾರು?" ಎಂದು ರೆಮಾಸಿ ಕೇಳಿದ.

ಬಟ್ಟೆಯವಳು ಹುಂಜವನ್ನು ಅವುಚಿಕೊಂಡು ವ್ಯಾನಿನ ಮರೆಗೆ ಹೋದಳು. ಲೆಮೇನಾ ಎರಡೂ ಕೈ ಮೇಲೆತ್ತಿದ. "ನನಗೇನು ಗೊತ್ತು ಯಜಮಾನ್ರೇ. ಮೀನು ಅಂದ್ಲು, ಹತ್ತಿಸ್ಕೊಂಡೆ."

"ಮಧ್ಯಾಹ್ನ ಇವಳೇ ಅಂದಿದ್ಲು, ಗಂಡ ಜೊತೇಲೇ ಇದಾನೆ ಅಂತ. ಆಗ್ಲೇ ನನಗೆ ಏನೋ ಅನ್ನಿಸ್ತು," ಎಂದ ವ್ಯಾಪಾರಿ. ಅವಳು ಕೊಟ್ಟದ್ದರ ಎಣ್ಣೆ ಅವನ ಬೆರಳಲ್ಲಿನ್ನೂ ಹೊಳೆಯುತ್ತಿತ್ತು. ಬಳಿಕ ನನ್ನ ತೋಳು ಜಗ್ಗಿ ಪಿಸುಗುಟ್ಟಿದ: "ಮೇಷ್ಟ್ರೇ, ಸುಮ್ಮನಿರಿ. ಅವರಿಗೆ ಒಬ್ಬಳು ಸಾಕು. ನಾವು ಮನೆ ಸೇರ್ಕೊಳ್ಳೋಣ."

ಒಬ್ಬಳು ಸಾಕು. ಈ ಮಾತನ್ನು ಹೇಳಿದವನು ಕಟುಕನಲ್ಲ; ಮಕ್ಕಳಿಗೆಂದು ಮಿಠಾಯಿ ಕಟ್ಟಿಸಿಕೊಂಡು ಹೊರಟಿದ್ದ ಗೃಹಸ್ಥ. ಜಗತ್ತಿನ ಬಹುಪಾಲು ಕೊಲೆಗಳಿಗೆ ಇಂಥ ಗೃಹಸ್ಥರೇ ಜಾಗ ಬಿಟ್ಟುಕೊಡುತ್ತಾರೆ.

ನಾನು ತೋಳು ಬಿಡಿಸಿಕೊಂಡೆ. "ಅವಳ ಜೊತೆ ನಾನಿದ್ದೇನೆ," ಎಂದೆ. ನಿಲ್ದಾಣದಲ್ಲಿ ಕೇಳಿದ್ದನ್ನು ಹೇಳಿದೆ. ಬಾವುಟ ಬೇಡವೆಂದವನು ಚಾಲಕ, ಅದಕ್ಕಾಗಿ ಹಣ ಪಡೆದವನೂ ಅವನೇ ಎಂದೆ.

"ಮುದುಕನಿಗೆ ಬಿಸಿಲು ಹತ್ತಿದೆ," ಎಂದ ಲೆಮೇನಾ.

ರೆಮಾಸಿ ಅವನ ಕಡೆ ನೋಡಲೇ ಇಲ್ಲ. "ಸುಳ್ಳೋ ನಿಜವೋ ಮೂಳೆಯ ಉದ್ದವೇ ಹೇಳುತ್ತೆ. ನಮ್ಮ ತಾಯಿ ಗಿಡ್ಡಗಿದ್ದೋಳು. ಬಿಚ್ಚವ್ವಾ, ನೋಡೋಣ."

ಬಿಚ್ಚಿದ್ದರೆ ಅವಳು ಆ ಕ್ಷಣವೇ ಪಾರಾಗುತ್ತಿದ್ದಳು. ಆದರೆ ಸ್ವಂತದವರು ಸುತ್ತ ನಿಲ್ಲದೆ, ಹಾದಿಬೀದಿಯಲ್ಲಿ, ಪರರ ಕಣ್ಣೆದುರು ಸತ್ತವನನ್ನು ಬೆತ್ತಲೆ ಮಾಡುವುದು ನಮ್ಮಲ್ಲಿ ಯಾವ ಸೀಮೆಯವರೂ ಮಾಡದ ಕೆಲಸ. ವುಲಾತಿಯಾ ಸುರುಳಿಯ ಮೇಲೆ ಅಡ್ಡ ಬಿದ್ದಳು.

"ಬಿಚ್ಚಲ್ಲ. ಬೇಕಾದ್ರೆ ನನ್ನನ್ನ ಇಲ್ಲೇ ಮುಗಿಸಿ. ಅವನನ್ನ ಮಾತ್ರ ನಾಳೆ ಅವರಪ್ಪನ ಪಕ್ಕ ಮಲಗಿಸಿ ಬನ್ನಿ. ಅಷ್ಟು ಮಾಡ್ತೀನಿ ಅಂತ ಯಾರಾದ್ರೂ ಒಬ್ಬರು ಮಾತು ಕೊಡಿ."

ಒಬ್ಬ ತರುಣ ಕಲ್ಲೆತ್ತಿದ. "ಬಚ್ಚಿಡೋಕೆ ಏನೋ ಇರೋದ್ರಿಂದ್ಲೇ ಬಿಚ್ಚಲ್ಲ ಅಂತಿದಾಳೆ ಮಾವ."

ರೆಮಾಸಿ ಭರ್ಜಿಯನ್ನು ನೆಲಕ್ಕೂರಿ ಅವಳೆದುರು ಕುಕ್ಕರಿಸಿದ. ಗಾಳಿಗೆ ಹುಲ್ಲು ಒಂದೇ ಕಡೆ ಬಾಗುತ್ತಿತ್ತು. "ಕಲ್ಲು ಇಳಿಸೋ," ಎಂದ. "ಕದ್ದೋಳು ಗಂಟು ಬಿಸಾಕಿ ಪ್ರಾಣ ಕೇಳ್ತಿದ್ಲು. ಇವಳು ಪ್ರಾಣ ಬಿಸಾಕಿ ಗಂಟು ಕೇಳ್ತಿದಾಳೆ." ಆಮೇಲೆ ನನ್ನೆಡೆ ತಿರುಗಿದ. "ಆದ್ರೆ ನಾನು ತಪ್ಪಿದ್ರೆ ನಮ್ಮ ತಾಯಿ ಕೈಬಿಟ್ಟು ಹೋಗ್ತಾಳೆ. ಜೊತೆ ಇದೀನಿ ಅಂದ್ಯಲ್ಲ, ನೀನು ಇಲ್ಲಿರು. ಆ ಗೋರಿಯೋರು ಬಂದು, ಇವನು ನಮ್ಮೋನು ಅಂದ್ರೆ ಹೋಗುವಿಯಂತೆ."

"ಬರದಿದ್ದರೆ?"

"ಬರ್ತಾರೆ ಅಂತ ತಾನೇ ನೀನು ಬಾಯಿ ಬಿಟ್ಟಿದ್ದು?"

ಲೆಮೇನಾ ಸೀಟಿನಡಿಯಿಂದ ಬಾವುಟ ತೆಗೆದು ಕನ್ನಡಿಯ ಪಕ್ಕ ಕಟ್ಟಿದ. ಮಾಸಿದ್ದ ಅದು ಎಷ್ಟೋ ಬಾರಿ ಕಟ್ಟಿ ಬಿಚ್ಚಿದಂತಿತ್ತು. ಎಲ್ಲರೂ ಹತ್ತಿದರು. ವುಲಾತಿಯಾ ಕಿಟಕಿಯಿಂದ ನನ್ನ ಕಡೆ ಕೈ ಚಾಚಿದಳು. ವ್ಯಾಪಾರಿ ಮುಂದಿನ ಬೆಟ್ಟದತ್ತಲೇ ನೋಡುತ್ತ ಕೂತಿದ್ದ.

ಮರುದಿನವಿಡೀ ನಾನು ರಸ್ತೆ ಕಾಣುವ ದಿಬ್ಬದ ಮೇಲೆ ಕೂತೆ. ಕಲ್ಲೆತ್ತಿದ್ದ ತರುಣನೇ ಕಾವಲಿಗಿದ್ದ. ದೂರದಲ್ಲಿ ಧೂಳೆದ್ದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಪ್ರತಿಸಲವೂ ಬರುತ್ತಿದ್ದದ್ದು ದನದ ಮಂದೆ. "ಬರಲ್ಲ ಅನ್ಸುತ್ತೆ ಮೇಷ್ಟ್ರೇ," ಎಂದು ಅವನು ಬೇಸರದಿಂದಲೇ ಹೇಳಿದ. ಹೊತ್ತು ಕಂತುವ ಮುನ್ನ ಲಾರಿಯೊಂದರಿಂದ ರೈನಿಜಾಫಿಯ ಅಣ್ಣ ಇಳಿದ. ಅವನ ಅಂಗಿಗೆ ಗೋರಿಯ ಮಣ್ಣು ಮೆತ್ತಿತ್ತು. "ನಮ್ಮೋನು ಮನೆ ಸೇರಿದ," ಎಂದು ರೆಮಾಸಿಯ ಎದುರು ತಲೆಬಾಗಿದ.

ಬೀಳ್ಕೊಡುವಾಗ ರೆಮಾಸಿಯನ್ನು ಕೇಳಿದೆ: "ಅವಳು ನಿರಪರಾಧಿ ಅಂತ ನಿನಗೆ ನಿನ್ನೆಯೇ ಅನ್ನಿಸಿತ್ತು. ಆದರೂ ನನ್ನನ್ನೇಕೆ ಇಟ್ಟುಕೊಂಡೆ?"

"ವ್ಯಾನಿನ ತುಂಬ ಜನ ಇದ್ರು. ಮಾತಾಡಿದೋನು ನೀನೊಬ್ಬ. ಒಬ್ಬನೇ ಆದ್ರೆ ಅವಳ ಪಾಲುದಾರನೂ ಆಗಿರಬಹುದಲ್ಲ? ಇನ್ನೊಬ್ಬ ಬಾಯಿಬಿಟ್ಟಿದ್ರೆ ದಿಮ್ಮಿ ಸರಿಸಿಬಿಡ್ತಿದ್ದೆ."

ನಾನು ಈ ದ್ವೀಪವನ್ನು ಸುತ್ತಿ ಬಂದವನು. ಹೆಣವನ್ನು ಮರಳಿನಲ್ಲಿ ಇಡುವವರನ್ನೂ ಗವಿಯಲ್ಲಿ ಇಡುವವರನ್ನೂ ಕಲ್ಲುಮನೆಯಲ್ಲಿ ಇಡುವವರನ್ನೂ ಕಂಡೆ. ಅವರಲ್ಲಿ ಯಾರೂ ತಮ್ಮವರನ್ನು ದಾರಿಯಲ್ಲಿ ಬಿಟ್ಟು ಹೋಗುವುದಿಲ್ಲ. ಬಿಟ್ಟು ಹೋದವರು ವ್ಯಾನಿನಲ್ಲಿ ಕೂತಿದ್ದವರು, ಉಂಡ ಕೈ ಒರೆಸಿಕೊಂಡ ಸಭ್ಯರು. ನೀವೂ ನಾಳೆ ಇಂಥದೇ ಒಂದು ಬಂಡಿಯಲ್ಲಿ ಪಯಣಿಸುವಿರಿ. ಯಾರನ್ನಾದರೂ ಸುತ್ತುವರಿದು, ಇವಳ ಜೊತೆ ಯಾರಿದ್ದೀರಿ ಎಂದು ಗುಂಪು ಕೇಳೀತು. ಮೊದಲು ಮಾತಾಡುವ ಧೈರ್ಯ ಎಲ್ಲರಿಗೂ ಬಾರದು. ಅದನ್ನು ನಾನು ಬೇಡುವುದಿಲ್ಲ. ಒಬ್ಬರು ಬಾಯಿ ತೆರೆದ ಮೇಲಾದರೂ, ದಯವಿಟ್ಟು, ಎರಡನೆಯವರಾಗಿ ಎದ್ದು ನಿಲ್ಲಿ.